ಶಿವಮೊಗ್ಗದ ಕನ್ನಡ ವಿದ್ಯಾರ್ಥಿಯೊಬ್ಬ ಕಾರ್ಬಿ ಜಾನಪದದ ಮೇಲೆ ಪಿಎಚ್.ಡಿ. ಮಾಡಬಹುದೇ?

ಪ್ರಶ್ನೆ
ಹೊಳೆದಂಡೆಯ ಓದುಗ, ಶಿವಮೊಗ್ಗ

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ಕಳೆದ ವರ್ಷ ಕನ್ನಡ ಎಂ.ಎ. ಮುಗಿಸಿದ ನಾನು ಈಗ ಪಿಎಚ್.ಡಿ.ಗೆ ವಿಷಯ ಹುಡುಕುತ್ತಿದ್ದೇನೆ. ಎಂ.ಎ.ಯಲ್ಲಿ ಜಾನಪದವನ್ನು ವಿಶೇಷ ವಿಷಯವಾಗಿ ಓದಿ, ಸಾಗರ ಮತ್ತು ಸೊರಬದ ಕಡೆಯ ದೀವರು ಸಮುದಾಯದ ಮನೆಗಳಲ್ಲಿ ಮದುವೆಯ ಗೋಡೆಗೆ ಬರೆಯುವ ಹಸೆ ಚಿತ್ತಾರದ ಕುರಿತು ಕಿರುಪ್ರಬಂಧ ಸಿದ್ಧಪಡಿಸಿದ್ದೆ. ಅದೇ ಜಾಡಿನಲ್ಲಿ ಮುಂದುವರಿಯುವುದು ಸುಲಭವೆಂದು ಎಲ್ಲರೂ ಹೇಳುತ್ತಾರೆ. ಆದರೆ ನನ್ನ ಮನಸ್ಸು ಎರಡು ವರ್ಷಗಳಿಂದ ಬೇರೊಂದು ಕಡೆಗೆ ಎಳೆಯುತ್ತಿದೆ.

ಎನ್.ಎಸ್.ಎಸ್. ಶಿಬಿರಕ್ಕೆಂದು ಗುವಾಹಟಿಗೆ ಹೋಗಿದ್ದಾಗ ಪರಿಚಯವಾದ ಕಾರ್ಬಿ ಸಮುದಾಯದ ಗೆಳೆಯನೊಬ್ಬ ನನ್ನನ್ನು ದಿಫುವಿಗೆ ಕರೆದೊಯ್ದಿದ್ದ. ದಿಫು ಅಸ್ಸಾಮಿನ ಕಾರ್ಬಿ ಆಂಗ್ಲಾಂಗ್ ಜಿಲ್ಲೆಯ ಕೇಂದ್ರ. ಅಲ್ಲಿ ಅವನು ಮರದಲ್ಲಿ ಕಡೆದ, ಐದು ಕೊಂಬೆಗಳಿರುವ, ಕೊಂಬೆಗಳ ತುದಿಯಲ್ಲಿ ಹಕ್ಕಿಗಳು ಕುಳಿತಿರುವ ಒಂದು ಕಂಬವನ್ನು ತೋರಿಸಿದ. ಅದರ ಹೆಸರು ಜಾಂಬಿಲಿ ಆಥೊನ್. ಕಾರ್ಬಿಗಳ ಐದು ಕುಲಗಳಿಗೆ ಐದು ಕೊಂಬೆಗಳೆಂದೂ, ಸತ್ತವರಿಗಾಗಿ ನಡೆಸುವ ಚೋಮಾಂಗ್‌ಕಾನ್ ಎಂಬ ದೊಡ್ಡ ಆಚರಣೆಯಲ್ಲಿ ಅದನ್ನು ಹೊತ್ತು ನಡೆಯುತ್ತಾರೆಂದೂ ವಿವರಿಸಿದ. ನಡುಗೊಂಬೆಯ ತುದಿಯಲ್ಲಿದ್ದ ಹಕ್ಕಿಯನ್ನು ಅವರು ವೊಜಾರು ಎನ್ನುತ್ತಾರೆ. ಅದರ ಬಾಲದಿಂದ ಇಳಿದ ಎರಡು ಉದ್ದನೆಯ ಗರಿಗಳನ್ನು ನೋಡಿದೊಡನೆ ಇದು ನಮ್ಮ ಕಾಜಾಣವಲ್ಲವೇ ಎಂದು ನಾನು ಉದ್ಗರಿಸಿದೆ. ಕುವೆಂಪು ಅವರನ್ನು ಓದಿಕೊಂಡು ಬೆಳೆದವರಿಗೆ ಆ ಕ್ಷಣ ಹೇಗಿದ್ದಿರಬಹುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಊರಿಗೆ ಮರಳಿದ ಮೇಲೆ ಸಿಕ್ಕಿದಷ್ಟನ್ನು ಓದಿದೆ. ಕಾರ್ಬಿಗಳ ವಲಸೆಯ ನೆನಪನ್ನು ಹೇಳುವ ಮೊಸೆರಾ, ಅವರ ಮೌಖಿಕ ರಾಮಾಯಣವಾದ ಸಾಬಿನ್ ಆಲುನ್, ವೊ ಪ್ಲಾಕ್‌ಪಿ ಎಂಬ ಹಕ್ಕಿಯ ಮೊಟ್ಟೆಗಳಿಂದ ತಾವೂ ನೆರೆಯ ಜನರೂ ಹುಟ್ಟಿದರೆಂಬ ಕಥೆ, ಇವೆಲ್ಲ ನನ್ನನ್ನು ಬಿಡುತ್ತಿಲ್ಲ. "ಹಸೆ ಚಿತ್ತಾರ ಮತ್ತು ಕಾರ್ಬಿ ಜನಪದ ಕಲೆ: ಒಂದು ತೌಲನಿಕ ಅಧ್ಯಯನ" ಎಂಬ ಶೀರ್ಷಿಕೆಯನ್ನು ಯೋಚಿಸಿ ಅಧ್ಯಾಪಕರೊಬ್ಬರಲ್ಲಿ ಪ್ರಸ್ತಾಪಿಸಿದಾಗ, ಹಿತ್ತಲ ಗಿಡ ಮದ್ದಲ್ಲವೆಂಬುದಕ್ಕೆ ನೀವೇ ಸಾಕ್ಷಿ ಎಂದು ನಕ್ಕುಬಿಟ್ಟರು. ಕನ್ನಡದಲ್ಲಿ ಓದಿದವನು ಈ ವಿಷಯವನ್ನು ಎತ್ತಿಕೊಳ್ಳುವುದು ಅವಿವೇಕವೇ? ಎತ್ತಿಕೊಂಡರೆ ಸಿದ್ಧತೆ ಎಲ್ಲಿಂದ ಆರಂಭವಾಗಬೇಕು? ಇದರಿಂದ ಮುಂದೆ ಅನ್ನ ಹುಟ್ಟುತ್ತದೆಯೇ? ಕೊನೆಯ ಪ್ರಶ್ನೆ ನನ್ನ ತಂದೆಯವರದು, ಆದರೂ ಅದನ್ನು ನನ್ನದೆಂದೇ ಭಾವಿಸಿ ಉತ್ತರಿಸಬೇಕೆಂದು ಕೋರುತ್ತೇನೆ.


ಉತ್ತರ 1
ಆರಗದವ, ಈಗ ತೀರ್ಥಹಳ್ಳಿ

ಕೇಂದ್ರ ಸರ್ಕಾರದ ನೌಕರಿಯಲ್ಲಿ ಐದು ವರ್ಷ ದಿಫುವಿನಲ್ಲಿದ್ದವನು ನಾನು. ಜಾನಪದ ನನ್ನ ಕ್ಷೇತ್ರವಲ್ಲ. ಊರಿನ ವಿಚಾರವಾಗಿ ಒಂದಿಷ್ಟು ಹೇಳಬಲ್ಲೆ.

ಮೊದಲಿಗೆ ವಿಸ್ತಾರದ ಅಂದಾಜು ಇರಲಿ. ನಮ್ಮ ಶಿವಮೊಗ್ಗ ಜಿಲ್ಲೆಯ ವಿಸ್ತೀರ್ಣ ಸುಮಾರು 8,477 ಚದರ ಕಿಲೋಮೀಟರ್. ವಿಭಜನೆಗೆ ಮುಂಚಿನ ಕಾರ್ಬಿ ಆಂಗ್ಲಾಂಗ್ 10,434 ಚದರ ಕಿಲೋಮೀಟರ್ ಇದ್ದು, ಜನಸಂಖ್ಯೆ 2011ರ ಗಣತಿಯಲ್ಲಿ ಹತ್ತು ಲಕ್ಷವನ್ನೂ ಮುಟ್ಟಿರಲಿಲ್ಲ. ಈಗ ಅದು ಎರಡು ಜಿಲ್ಲೆಗಳಾಗಿದ್ದು, ಪಶ್ಚಿಮ ಭಾಗಕ್ಕೆ ಹಾಮ್ರೆನ್ ಕೇಂದ್ರ. ಸಂವಿಧಾನದ ಆರನೆಯ ಅನುಸೂಚಿಯ ಪ್ರಕಾರ ಅಲ್ಲಿ ಸ್ವಾಯತ್ತ ಮಂಡಳಿಯ ಆಡಳಿತವಿದೆ. ನಾಗಾಲ್ಯಾಂಡಿಗೋ ಮಿಜೋರಾಮಿಗೋ ಹೋಗುವಾಗ ಬೇಕಾಗುವ ಇನ್ನರ್ ಲೈನ್ ಪರ್ಮಿಟ್ ಅಸ್ಸಾಮಿಗೆ ಬೇಡ, ಆದ್ದರಿಂದ ಹೋಗಿ ಬರಲು ಕಾನೂನಿನ ತೊಡಕಿಲ್ಲ. ಗುವಾಹಟಿಯಿಂದ ರೈಲಿನಲ್ಲಿ ಹೊರಟರೆ ಲುಮ್ಡಿಂಗ್ ದಾಟಿದ ಮೇಲೆ ದಿಫು ಸಿಗುತ್ತದೆ. ಹಿಂದೆ ಸಶಸ್ತ್ರ ಗುಂಪುಗಳ ಕಾರಣದಿಂದ ಒಳನಾಡಿನ ಓಡಾಟಕ್ಕೆ ಜನ ಹಿಂಜರಿಯುತ್ತಿದ್ದರು. 2021ರ ಸೆಪ್ಟೆಂಬರಿನಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದಿದೆ. ಹಾಗಿದ್ದರೂ ಹಳ್ಳಿಗೆ ಹೋಗುವ ಮುನ್ನ ಊರಿನ ಗಾಂವ್‌ಬುಡಾ, ಅಂದರೆ ನಮ್ಮ ಹಿಂದಿನ ಪಟೇಲರಂಥವರು, ಅವರಿಗೆ ತಿಳಿಸಿ ಹೋಗುವುದು ಮರ್ಯಾದೆ.

ಮಳೆಯ ವಿಷಯದಲ್ಲಿ ನಾನು ಮೋಸಹೋಗಿದ್ದೆ. ಈಶಾನ್ಯವೆಂದರೆ ಚಿರಾಪುಂಜಿ ಎಂದುಕೊಂಡು ಇಲ್ಲಿಂದ ಕಂಬಳಿಕೊಪ್ಪೆ ಹೊರತುಪಡಿಸಿ ಉಳಿದೆಲ್ಲವನ್ನೂ ಹೊತ್ತುಕೊಂಡು ಹೋದೆ. ಮೇಘಾಲಯದ ಬೆಟ್ಟಗಳು ಮೋಡವನ್ನು ಮೊದಲೇ ಹಿಂಡಿಬಿಡುವುದರಿಂದ ಲುಮ್ಡಿಂಗ್ ಸುತ್ತಲಿನ ಪ್ರದೇಶ ಮಳೆಯ ನೆರಳಿನಲ್ಲಿದೆ. ಆಗುಂಬೆಯ ಮಳೆ ನೋಡಿದವರಿಗೆ ಅದು ಮಳೆಯೇ ಅಲ್ಲ.

ಭಾಷೆಯ ವಿಚಾರವಾಗಿ ಒಂದು ಮಾತು. ಪೇಟೆಯಲ್ಲಿ ಅಸ್ಸಾಮಿಯೂ ಹಿಂದಿಯೂ ಸಾಕಾಗುತ್ತವೆ. ಆ ಭರವಸೆಯಲ್ಲೇ ನಾನು ಐದು ವರ್ಷ ಕಳೆದೆ. ಆದರೆ ಬೆಟ್ಟದ ಮೇಲಿನ ಮನೆಯೊಂದರಲ್ಲಿ ಅಜ್ಜಿಯೊಬ್ಬರು ಮೊಮ್ಮಕ್ಕಳಿಗೆ ಕಥೆ ಹೇಳುತ್ತಿದ್ದಾಗ ಎಲ್ಲರೂ ನಕ್ಕರು, ನಾನೂ ನಕ್ಕೆ, ಯಾಕೆಂದು ಮಾತ್ರ ತಿಳಿಯಲಿಲ್ಲ. ನೀವು ಬರೆಯಹೊರಟಿರುವುದು ಆ ನಗುವಿನ ಬಗ್ಗೆ ಎಂಬುದನ್ನು ಮರೆಯಬೇಡಿ. ಬೇರೇನೂ ಬಾರದಿದ್ದರೂ "ಕಾರ್ದೊಮ್" ಎಂದು ನಮಸ್ಕಾರ ಹೇಳುವುದನ್ನು ಮೊದಲ ದಿನವೇ ಕಲಿತುಕೊಳ್ಳಿ.

ವರ್ಷದ ಆರಂಭದಲ್ಲಿ ದಿಫುವಿನ ತಾರಾಲಾಂಗ್ಸೊ ಎಂಬಲ್ಲಿ ಕಾರ್ಬಿ ಯುವಜನೋತ್ಸವ ನಡೆಯುತ್ತದೆ. 1974ರಲ್ಲಿ ಆರಂಭವಾದ ಉತ್ಸವವಿದು. ಕುಣಿತ, ಹಾಡು, ನೇಯ್ಗೆ, ಊಟ ಎಲ್ಲವೂ ಒಂದೇ ಕಡೆ ಕಾಣಸಿಗುವುದರಿಂದ ಹೊಸಬರಿಗೆ ಅನುಕೂಲ. ಅಡಿಕೆ, ವೀಳ್ಯದೆಲೆಗಳ ಮಟ್ಟಿಗೆ ನಿಮಗೆ ಪರಕೀಯತೆ ಕಾಡದು. ಅಂದಹಾಗೆ ಅಲ್ಲಿನ ಶುಂಠಿಗೆ ಜಿಐ ಟ್ಯಾಗ್ ದೊರೆತಿದೆ. ನಮ್ಮ ಕಡೆ ಗದ್ದೆಗಳನ್ನೆಲ್ಲ ಶುಂಠಿಗೆ ಕೊಟ್ಟು ಕೈಸುಟ್ಟುಕೊಂಡವರ ಊರಿನಿಂದ ಹೋದ ನನಗೆ ಅವರು ಕಾಡು ಕಡಿದು ಸುಟ್ಟು ಬಿತ್ತುವ ಬೆಟ್ಟದ ಝೂಮ್ ಹೊಲದಲ್ಲಿ ಶುಂಠಿ ಬೆಳೆಯುವುದನ್ನು ನೋಡುವುದೇ ಒಂದು ಪಾಠವಾಗಿತ್ತು.


ಉತ್ತರ 2
ನಿವೃತ್ತ ಅಧ್ಯಾಪಕ, ಸಾಗರ

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮ ಪ್ರಶ್ನೆಯನ್ನು ಎರಡು ಬಾರಿ ಓದಿದೆ. ವಿಷಯ ಒಳ್ಳೆಯದು, ಶೀರ್ಷಿಕೆ ಒಳ್ಳೆಯದಲ್ಲ.

"ತೌಲನಿಕ ಅಧ್ಯಯನ" ಎಂಬ ಮಾತನ್ನು ಕಂಡೊಡನೆ ನನಗೆ ಅಂಜಿಕೆಯಾಗುತ್ತದೆ. ಮೂವತ್ತು ವರ್ಷಗಳಲ್ಲಿ ಅಂಥ ಪ್ರಬಂಧಗಳನ್ನು ಸಾಕಷ್ಟು ನೋಡಿದ್ದೇನೆ. ಎಡಗಡೆ ಇಲ್ಲಿಯದು, ಬಲಗಡೆ ಅಲ್ಲಿಯದು, ನಡುವೆ "ಇದರಲ್ಲಿಯೂ ಹಕ್ಕಿಯಿದೆ, ಅದರಲ್ಲಿಯೂ ಹಕ್ಕಿಯಿದೆ" ಎಂಬ ಒಂದು ವಾಕ್ಯ. ಕಾಜಾಣವನ್ನು ಕಂಡು ನಿಮಗೆ ಆದ ಹರ್ಷ ನಿಜವಾದದ್ದು, ಆದರೆ ಅದು ಸಂಶೋಧನೆಯ ಬಾಗಿಲು ಮಾತ್ರ. ಸಹ್ಯಾದ್ರಿಯಲ್ಲಿಯೂ ಅಸ್ಸಾಮಿನ ಬೆಟ್ಟಗಳಲ್ಲಿಯೂ ಒಂದೇ ಹಕ್ಕಿ ಇರುವುದಕ್ಕೆ ಕಾರಣ ಕಾಡು, ಸಂಸ್ಕೃತಿಯಲ್ಲ. ಆ ಹಕ್ಕಿಯನ್ನು ಅವರು ಸಾವಿನ ಆಚರಣೆಯ ಕಂಬದ ತುದಿಗೇರಿಸಿದರು, ನಾವು ಕಾವ್ಯದೊಳಗೆ ಕರೆದುಕೊಂಡೆವು. ವ್ಯತ್ಯಾಸ ಅಲ್ಲಿಂದ ಆರಂಭವಾಗುತ್ತದೆ.

ಸಾಮ್ಯ ಹೇಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ. ಕಾರ್ಬಿಗಳಲ್ಲಿ ತೆರಾಂಗ್, ತೆರೊನ್, ಇಂಗ್ತಿ, ಇಂಘಿ, ತಿಮುಂಗ್ ಎಂಬ ಐದು ಕುಲಗಳಿದ್ದು ಅವುಗಳನ್ನು ಕುರ್ ಎನ್ನುತ್ತಾರೆ. ಒಂದೇ ಕುರ್‌ನೊಳಗೆ ಮದುವೆಯಾಗುವಂತಿಲ್ಲ. ನಮ್ಮ ದೀವರಲ್ಲಿ ಬಳಿ ಇದೆ, ಒಂದೇ ಬಳಿಯವರು ಮದುವೆಯಾಗುವಂತಿಲ್ಲ. ಇಷ್ಟನ್ನು ಬರೆದು ಕೈತೊಳೆದುಕೊಂಡರೆ ತೌಲನಿಕ ಅಧ್ಯಾಯವೊಂದು ಮುಗಿಯಿತು. ಆದರೆ ಬಳಿ ತಾಯಿಯ ಕಡೆಯಿಂದ ಬರುತ್ತದೆ, ಕುರ್ ತಂದೆಯ ಕಡೆಯಿಂದ. ಹಸೆಗೋಡೆಯ ಮುಂದೆ ಕುಳಿತ ಮದುಮಗಳೂ ಕಾರ್ಬಿ ಮದುಮಗಳೂ ತವರಿನಿಂದ ಹೊರಡುವಾಗ ಏನನ್ನು ಬಿಟ್ಟು ಹೋಗುತ್ತಾರೆ, ಏನನ್ನು ಒಯ್ಯುತ್ತಾರೆ ಎಂದು ಕೇಳಿದರೆ ಎರಡು ಬೇರೆ ಬೇರೆ ಉತ್ತರಗಳು ದೊರೆಯಬೇಕು. ಆ ಉತ್ತರಗಳು ಹಾಡಿನಲ್ಲಿಯೂ ಚಿತ್ತಾರದಲ್ಲಿಯೂ ನೇಯ್ಗೆಯಲ್ಲಿಯೂ ಎಲ್ಲಿ ಅಡಗಿವೆ ಎಂದು ಹುಡುಕುವುದು ಪಿಎಚ್.ಡಿ.ಗೆ ತಕ್ಕ ಕೆಲಸ.

ನನ್ನನ್ನು ಕೇಳಿದರೆ ಇನ್ನೂ ಗಟ್ಟಿಯಾದ ಪ್ರಶ್ನೆಯೊಂದು ನಿಮ್ಮ ಪತ್ರದಲ್ಲಿಯೇ ಇದೆ, ನೀವು ಗಮನಿಸಿಲ್ಲ. ನೀವು ಜಾಂಬಿಲಿ ಆಥೊನ್ ನೋಡಿದ್ದು ಚೋಮಾಂಗ್‌ಕಾನ್‌ನಲ್ಲಿ ಅಲ್ಲ. ಸಾವಿನ ಆಚರಣೆಗೆ ಸೇರಿದ ವಸ್ತುವೊಂದು ಆಚರಣೆಯಿಂದ ಹೊರಬಂದು, ಒಂದು ಜನಾಂಗದ ಗುರುತಾಗಿ ನಿಂತಿರುವುದನ್ನು ನೀವು ನೋಡಿದಿರಿ. ಚೋಮಾಂಗ್‌ಕಾನ್ ಹಲವು ದಿನಗಳ, ಬಹಳ ಖರ್ಚಿನ ಕಾರ್ಯ. ಸತ್ತು ಎಷ್ಟೋ ಕಾಲವಾದ ಮೇಲೆ, ಕೈಯಲ್ಲಿ ಕಾಸು ಕೂಡಿದಾಗ ಮಾಡುವುದೂ ಉಂಟು. ಕ್ರೈಸ್ತರಾದ ಕುಟುಂಬಗಳು ಅದನ್ನು ಬಿಟ್ಟಿವೆ. ಆದರೆ ಅದರ ಅಂಗವಾಗಿದ್ದ ನಿಮ್ಸೊ ಕೆರುಂಗ್, ಗುರಾಣಿ ಹಿಡಿದು ಕುಣಿಯುವ ಚೊಂಗ್ ಕೆದಾಮ್ ಮೊದಲಾದ ಕುಣಿತಗಳು ಉತ್ಸವದ ವೇದಿಕೆಗೆ ಬಂದಿವೆ. ವೇದಿಕೆಗೆ ಬಾರದೆ ಉಳಿಯುವುದು ಯಾವುದು? ಚಾರ್ಹೆಪಿ ಎಂಬ ಹೆಂಗಸಿನ ಶೋಕಗೀತೆ. ಸತ್ತವನ ಆತ್ಮವನ್ನು ಹಾಡಿನ ಮೂಲಕ ಪಿತೃಗಳ ಊರಿಗೆ ದಾರಿ ತೋರಿಸಿ ಕಳುಹಿಸುವವಳು ಅವಳು. ಕುಣಿತಕ್ಕೆ ಸಾವಿಲ್ಲದ ವೇದಿಕೆ ಸಿಕ್ಕಿದರೂ ಸಾಗುತ್ತದೆ. ಕಳುಹಿಸಲು ಆತ್ಮವೇ ಇಲ್ಲದಿರುವಾಗ ಚಾರ್ಹೆಪಿ ಯಾರಿಗೆ ಹಾಡಬೇಕು?

ಈಗ ನಿಮ್ಮ ಹಸೆ ಚಿತ್ತಾರಕ್ಕೆ ಬನ್ನಿ. ಮದುವೆಯ ಗೋಡೆಗೆ ಕೆಮ್ಮಣ್ಣು ಬಳಿದು, ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಎಳೆ ಎಳೆದು, ಗುರಿಗೆಕಾಯಿಯ ಹಳದಿ ತುಂಬುತ್ತಿದ್ದ ಕಲೆ ಈಗ ಚೌಕಟ್ಟಿನೊಳಗೆ ಸೇರಿ ಬೆಂಗಳೂರಿನ ಹೋಟೆಲ್ಲುಗಳಲ್ಲಿ ನೇತಾಡುತ್ತಿದೆ. ಚಿತ್ತಾರ ಪಟ್ಟಣಕ್ಕೆ ಬಂತು. ಅದನ್ನು ಬರೆಯುವಾಗ ಹೆಂಗಸರು ಹೇಳುತ್ತಿದ್ದ ಹಾಡು ಬಂತೇ? ಎರಡು ಕಡೆಯೂ ಕಣ್ಣಿಗೆ ಕಾಣುವುದು ಹೊಸ ಬದುಕು ಪಡೆದು, ಕಿವಿಗೆ ಕೇಳುವುದು ಹಿಂದೆ ಉಳಿಯುತ್ತಿದೆಯೇ ಎಂಬ ಒಂದು ಪ್ರಶ್ನೆಯನ್ನು ಹಿಡಿದುಕೊಂಡರೆ ಹೋಲಿಕೆಗೆ ಅರ್ಥ ಬರುತ್ತದೆ. ಇದು ಸುಳ್ಳೆಂದು ನಿಮ್ಮ ಕ್ಷೇತ್ರಕಾರ್ಯ ತೋರಿಸಿದರೆ ಇನ್ನೂ ಸಂತೋಷ.

ಓದಿನ ವಿಷಯ. ಎಡ್ವರ್ಡ್ ಸ್ಟ್ಯಾಕ್ ಎಂಬ ಅಧಿಕಾರಿ 1887ರಲ್ಲಿ ತೀರಿಹೋಗುವ ಮುನ್ನ ಸಂಗ್ರಹಿಸಿಟ್ಟಿದ್ದ ಟಿಪ್ಪಣಿಗಳನ್ನು ಚಾರ್ಲ್ಸ್ ಲಯಾಲ್ ಪರಿಷ್ಕರಿಸಿ 1908ರಲ್ಲಿ ಪ್ರಕಟಿಸಿದ ಗ್ರಂಥ ಹಳೆಯ ಆಕರ. ಅದರ ಹೆಸರಿನಲ್ಲಿಯೇ "ಮಿಕಿರ್" ಎಂದಿದೆ. ಅದು ಹೊರಗಿನವರು ಇಟ್ಟ ಹೆಸರು. ಜಿಲ್ಲೆಯ ಹೆಸರಿನಿಂದಲೇ 1976ರಲ್ಲಿ ಅದನ್ನು ತೆಗೆದು ಕಾರ್ಬಿ ಆಂಗ್ಲಾಂಗ್ ಎಂದು ಮಾಡಿದರು. ಗ್ರಂಥಾಲಯದ ಸೂಚಿಯಲ್ಲಿ ಹುಡುಕುವಾಗ ಎರಡು ಹೆಸರುಗಳಲ್ಲಿಯೂ ಹುಡುಕಿ, ಬರೆಯುವಾಗ ಮತ್ತು ಮಾತನಾಡುವಾಗ ಒಂದನ್ನೇ ಬಳಸಿ. ಕಾರ್ಬಿಗಳೇ ತಮ್ಮ ಬಗ್ಗೆ ಬರೆದುಕೊಂಡದ್ದು ಈಗ ಸಾಕಷ್ಟಿದೆ. ಅವರ ಸಾಹಿತ್ಯ ಸಭೆಯಾದ ಕಾರ್ಬಿ ಲಾಮ್ಮೆತ್ ಆಮೆಯ್ 1966ರಿಂದ ಕೆಲಸ ಮಾಡುತ್ತಿದೆ. ಬ್ರಿಟಿಷ್ ಅಧಿಕಾರಿಯ ಗ್ರಂಥದಿಂದ ಆರಂಭಿಸಿ ಅಲ್ಲಿಗೇ ಮುಗಿಸಿದ ಪ್ರಬಂಧವನ್ನು ಇಂದು ಯಾರೂ ಗಂಭೀರವಾಗಿ ಪರಿಗಣಿಸುವುದಿಲ್ಲ.

ಭಾಷೆಗೆ ನೀವು ದೂರ ಹೋಗಬೇಕಾಗಿಲ್ಲವೆಂದರೆ ಆಶ್ಚರ್ಯಪಡುತ್ತೀರಿ. ಜಯಪಾಲ್ ಅವರು ಬರೆದ ಕಾರ್ಬಿ ವ್ಯಾಕರಣವನ್ನು 1987ರಲ್ಲಿ ಪ್ರಕಟಿಸಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಭಾರತೀಯ ಭಾಷಾ ಸಂಸ್ಥಾನ. ಅದಕ್ಕೂ ಮೊದಲು 1978ರಲ್ಲಿ ಗ್ರುಸ್ನರ್ ಅವರು ಜರ್ಮನ್ ಭಾಷೆಯಲ್ಲಿ ಬರೆದಿದ್ದರು. ಇತ್ತೀಚೆಗೆ ಲಿಂಡಾ ಕೊನರ್ಟ್ ಅವರು ಇಂಗ್ಲಿಷಿನಲ್ಲಿ ವಿಸ್ತಾರವಾದ ವ್ಯಾಕರಣ ಬರೆದಿದ್ದಾರೆ. ಕಾರ್ಬಿ ಟಿಬೆಟೊ-ಬರ್ಮನ್ ಗುಂಪಿನ ಭಾಷೆ. ಅದನ್ನು ಹೆಚ್ಚಾಗಿ ರೋಮನ್ ಲಿಪಿಯಲ್ಲಿ ಬರೆಯುತ್ತಾರೆ. ಸ್ವರದ ಏರಿಳಿತದಿಂದಲೇ ಅರ್ಥ ಬದಲಾಗುವ ಭಾಷೆಯಾದರೂ ಬರಹದಲ್ಲಿ ಅದಕ್ಕೆ ಗುರುತು ಹಾಕುವ ರೂಢಿಯಿಲ್ಲ. ಅಂದರೆ ಪುಸ್ತಕ ಓದಿ ಕಲಿತ ಕಾರ್ಬಿಯನ್ನು ಯಾರಾದರೂ ಬಾಯಿಂದ ತಿದ್ದಲೇಬೇಕು. ಒಂದು ಸಣ್ಣ ಸುಳಿವು ಕೊಡುತ್ತೇನೆ: ಚಾರ್ಹೆಪಿ ಎಂಬಲ್ಲಿ ಕೊನೆಗೆ ಬರುವ "ಪಿ" ಸ್ತ್ರೀಯನ್ನು ಸೂಚಿಸುತ್ತದೆ. ತೆರಾಂಗ್ ಕುಲದ ಹೆಣ್ಣುಮಗಳು ತೆರಾಂಗ್‌ಪಿ ಆಗುತ್ತಾಳೆ. ಇಷ್ಟು ತಿಳಿದರೆ ಪುಸ್ತಕದಲ್ಲಿ ಕಾಣುವ ಹೆಸರು ಗಂಡಸಿನದೋ ಹೆಂಗಸಿನದೋ ಎಂದು ತಡವರಿಸಬೇಕಾಗಿಲ್ಲ.

ಸಾಬಿನ್ ಆಲುನ್ ಬಗ್ಗೆ ನಿಮಗಿರುವ ಕುತೂಹಲವನ್ನು ಸದ್ಯಕ್ಕೆ ಕಟ್ಟಿಡಿ. ರಾವಣ ಬಸುರಾಗಿ, ಸೀನಿದಾಗ ಸೀತೆ ಹುಟ್ಟಿದಳೆಂದು ಹೇಳುವ ಜನಪದ ರಾಮಾಯಣ ಕನ್ನಡದಲ್ಲಿದೆ. ಆ ಕಥೆಯ ಜೀವವಿರುವುದು "ಸೀತ" ಎಂಬ ಕ್ರಿಯಾಪದದಲ್ಲಿ. ಕನ್ನಡ ಬಾರದವನಿಗೆ ಅದು ಬರೀ ವಿಚಿತ್ರ ಕಥೆ. ಬೆಟ್ಟದ ಝೂಮ್ ಹೊಲದ ಬದುಕನ್ನೆಲ್ಲ ತನ್ನೊಳಗೆ ತುಂಬಿಕೊಂಡಿರುವ ಕಾರ್ಬಿ ರಾಮಾಯಣದಲ್ಲಿಯೂ ಅಂಥ ಶ್ಲೇಷೆಗಳು ಎಷ್ಟಿವೆಯೋ, ಅನುವಾದದಲ್ಲಿ ಓದುವ ನಮಗೆ ಅವು ಕಾಣುವುದಿಲ್ಲ. ಝೂಮ್ ಎಂದೊಡನೆ ನಮ್ಮ ಕುಮರಿ ಬೇಸಾಯ ನೆನಪಾಗಬೇಕು. ಕಾಡು ಕಡಿದು ಸುಟ್ಟು ಬಿತ್ತುವ ಆ ಪದ್ಧತಿಯನ್ನು ಬ್ರಿಟಿಷರ ಅರಣ್ಯ ಇಲಾಖೆ ನಮ್ಮ ಘಟ್ಟಗಳಲ್ಲಿ ಅದುಮಿಹಾಕಿತು. ಬೇಸಾಯ ಹೋದಮೇಲೆ ಅದರ ಹಾಡುಗಳು ಏನಾದವೆಂದು ನಮ್ಮಲ್ಲಿ ಹುಡುಕಿದವರು ಕಡಿಮೆ.


ಉತ್ತರ 3
ಜ್ಞಾನಸಹ್ಯಾದ್ರಿಯ ಸಂಶೋಧಕಿ, ಶಂಕರಘಟ್ಟ

ಮೇಷ್ಟ್ರ ಉತ್ತರದ ನಂತರ ವಿಷಯದ ಬಗ್ಗೆ ನಾನು ಹೇಳುವುದೇನೂ ಉಳಿದಿಲ್ಲ. ನಿಮ್ಮ ತಂದೆಯವರ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ, ಏಕೆಂದರೆ ನನ್ನ ತಂದೆಯವರೂ ಅದನ್ನೇ ಕೇಳುತ್ತಿದ್ದಾರೆ.

ಜೆ.ಆರ್.ಎಫ್., ಅಂದರೆ ಕಿರಿಯ ಸಂಶೋಧಕರ ಫೆಲೋಶಿಪ್, ದೊರೆತರೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000 ರೂಪಾಯಿ ಶಿಷ್ಯವೇತನ ಬರುತ್ತದೆ. ಅದಿಲ್ಲದೆ ಅಸ್ಸಾಮಿನ ಕ್ಷೇತ್ರಕಾರ್ಯಕ್ಕೆ ಕೈಹಾಕಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಶಿಷ್ಯವೇತನವಿಲ್ಲದೆ ಸಾಗರದವರೆಗೆ ಬಸ್ಸಿನಲ್ಲಿ ಓಡಾಡಿಯೇ ನಾನು ಸಾಲಗಾರಳಾಗಿದ್ದೇನೆ. ಯುಜಿಸಿಯ 2022ರ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಆ ಆರು ವರ್ಷದಲ್ಲಿ ಕೋರ್ಸ್‌ವರ್ಕ್ ಕೂಡ ಸೇರಿದೆ. ಹೊಸ ಭಾಷೆಯೊಂದನ್ನು ಕಲಿಯಬೇಕಾದವರು ನೋಂದಣಿಗೆ ಮೊದಲೇ ಕಲಿಕೆ ಆರಂಭಿಸದಿದ್ದರೆ ಗಡುವು ಕುತ್ತಿಗೆಗೆ ಬರುತ್ತದೆ.

ಎನ್.ಇ.ಟಿ. ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಕನ್ನಡ ಒಂದು ವಿಷಯ, ಜಾನಪದ ಸಾಹಿತ್ಯ ಮತ್ತೊಂದು ವಿಷಯ. 2023ರ ತಿದ್ದುಪಡಿಯ ನಂತರ ಸಹಾಯಕ ಪ್ರಾಧ್ಯಾಪಕರ ನೇರ ನೇಮಕಾತಿಗೆ ಎನ್.ಇ.ಟಿ. ಅಥವಾ ರಾಜ್ಯಮಟ್ಟದ ಅರ್ಹತಾ ಪರೀಕ್ಷೆಯೇ ಕನಿಷ್ಠ ಅರ್ಹತೆ, ಪಿಎಚ್.ಡಿ. ಕಡ್ಡಾಯವಲ್ಲ. ಆದ್ದರಿಂದ ಕನ್ನಡದಲ್ಲಿ ಅರ್ಹತೆಯನ್ನು ಮೊದಲು ಕೈಗೆ ತೆಗೆದುಕೊಳ್ಳಿ. ನೌಕರಿ ಸಿಗುವುದಾದರೆ ಕನ್ನಡ ಅಧ್ಯಾಪಕರಾಗಿಯೇ ಸಿಗುತ್ತದೆ, ಕಾರ್ಬಿ ತಜ್ಞರು ಬೇಕೆಂದು ಕರ್ನಾಟಕದಲ್ಲಿ ಯಾರೂ ಜಾಹೀರಾತು ಕೊಡುವುದಿಲ್ಲ.

ಇಲ್ಲಿ ಮಾರ್ಗದರ್ಶಕರು ಸಿಗದಿದ್ದರೆ ಬೇರೆ ಬಾಗಿಲುಗಳಿವೆ. ಜಾನಪದಕ್ಕೆಂದೇ ಇರುವ ವಿಶ್ವವಿದ್ಯಾಲಯ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿದೆ, ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯವಿದೆ. ಆದರೆ ಅಸ್ಸಾಮಿಗೇ ಹೋಗಿ ಸೇರುವ ಧೈರ್ಯವಿದ್ದರೆ ಗುವಾಹಟಿ ವಿಶ್ವವಿದ್ಯಾಲಯದ ಜಾನಪದ ಸಂಶೋಧನ ವಿಭಾಗ 1955ರಷ್ಟು ಹಳೆಯದು. ತೇಜಪುರ ವಿಶ್ವವಿದ್ಯಾಲಯದಲ್ಲಿ ಸಂಸ್ಕೃತಿ ಅಧ್ಯಯನದ ವಿಭಾಗವಿದೆ. ಅಸ್ಸಾಂ ವಿಶ್ವವಿದ್ಯಾಲಯದ ಒಂದು ಆವರಣವಂತೂ ದಿಫುವಿನಲ್ಲೇ ಇದೆ. ಅಲ್ಲಿ ಕಲಿತರೆ ನಿಮ್ಮ ಪಕ್ಕದ ಬೆಂಚಿನಲ್ಲಿ ಕಾರ್ಬಿ ಸಂಶೋಧಕರೇ ಕುಳಿತಿರುತ್ತಾರೆ, ಮತ್ತು ನೀವು ಬರೆದ ತಪ್ಪನ್ನು ಅಂದೇ ತಿದ್ದುತ್ತಾರೆ. ಇಲ್ಲಿ ಕುಳಿತು ಬರೆದರೆ ತಿದ್ದುವವರಿಲ್ಲ. ಪರೀಕ್ಷಕರಿಗೂ ಗೊತ್ತಿರುವುದಿಲ್ಲವೆಂಬ ಕಾರಣಕ್ಕೇ ದೂರದ ವಿಷಯ ಆರಿಸಿಕೊಂಡವರನ್ನು ನಾನು ಕಂಡಿದ್ದೇನೆ. ನೀವು ಹಾಗಲ್ಲವೆಂದು ನಂಬುತ್ತೇನೆ.


ಉತ್ತರ 4
ಹಸೆಗೋಡೆ, ಸೊರಬ

ತಮ್ಮಾ, ನಾನು ಓದಿದ್ದು ಪಿಯುಸಿ. ಇಲ್ಲಿ ಬರೆಯಬಹುದೋ ಇಲ್ಲವೋ ಎಂದು ಎರಡು ದಿನ ಯೋಚಿಸಿದೆ. ಹಸೆ ಬರೆಯುವ ಮನೆಯವಳಾದ್ದರಿಂದ, ಮೇಷ್ಟ್ರು ಕೇಳಿದ "ಹಾಡು ಬಂತೇ" ಎಂಬ ಮಾತು ನನಗೇ ಕೇಳಿದಂತೆ ಅನ್ನಿಸಿತು.

ಹಾಡು ಬರಲಿಲ್ಲ. ನನ್ನ ಅತ್ತೆಯವರಿಗೆ ರಾತ್ರಿಯಿಡೀ ಹೇಳುವಷ್ಟು ಹಾಡು ಬರುತ್ತಿತ್ತು, ನನಗೆ ಬರುವುದು ಹತ್ತೋ ಹನ್ನೆರಡೋ. ಚಿತ್ತಾರವನ್ನು ಮಾತ್ರ ಅವರಿಗಿಂತ ಚೆನ್ನಾಗಿ ಬರೆಯುತ್ತೇನೆ, ಏಕೆಂದರೆ ಚಿತ್ತಾರಕ್ಕೆ ದುಡ್ಡು ಬರುತ್ತದೆ. ಹಾಡು ಕಡಿಮೆಯಾದದ್ದಕ್ಕೆ ನಾವು ಉದಾಸೀನ ಮಾಡಿದೆವೆಂದು ಭಾಷಣ ಮಾಡುವವರಿದ್ದಾರೆ. ಗೋಡೆಗೆ ಬರೆಯುವಾಗ ನಾಲ್ಕಾರು ಹೆಂಗಸರು ಕೂಡುತ್ತಿದ್ದೆವು, ಒಬ್ಬರು ಎತ್ತಿಕೊಟ್ಟರೆ ಉಳಿದವರು ಸೊಲ್ಲು ಹಿಡಿಯುತ್ತಿದ್ದರು. ಹಲಗೆಯ ಮೇಲೆ ಬರೆಯುವಾಗ ನಾನೊಬ್ಬಳೇ, ಟಿವಿ ಹಾಕಿಕೊಂಡು ಬರೆಯುತ್ತೇನೆ. ಸೊಲ್ಲು ಹಿಡಿಯುವವರಿಲ್ಲದ ಹಾಡನ್ನು ಯಾರು ಹೇಳುತ್ತಾರೆ?

ಇನ್ನೊಂದು ವಿಚಾರ. ನಮ್ಮ ಮನೆಗೆ ಇದುವರೆಗೆ ಏಳೆಂಟು ಜನ ಸಂಶೋಧನೆಯವರು ಬಂದಿದ್ದಾರೆ. ಒಳ್ಳೆಯವರೂ ಇದ್ದರು. ಒಬ್ಬರು ಅತ್ತೆಯವರಿಂದ ಮೂರು ದಿನ ಹಾಡು ರೆಕಾರ್ಡ್ ಮಾಡಿಕೊಂಡು ಹೋದರು, ಕ್ಯಾಸೆಟ್ ಪ್ರತಿ ಕಳುಹಿಸುತ್ತೇನೆಂದಿದ್ದರು. ಅತ್ತೆ ತೀರಿಕೊಂಡ ಮೇಲೆ ಅವರ ದನಿಯನ್ನಾದರೂ ಮಕ್ಕಳಿಗೆ ಕೇಳಿಸೋಣವೆಂದು ಎಷ್ಟು ವಿಚಾರಿಸಿದರೂ ಸಿಗಲಿಲ್ಲ. ಎಲ್ಲೋ ಒಂದು ಕಪಾಟಿನಲ್ಲಿ ಇರಬಹುದು. ಅವರ ಹೆಸರಿನ ಮುಂದೆ ಡಾಕ್ಟರ್ ಬಂದಿದೆ ಎಂದು ಕೇಳಿದ್ದೇನೆ.

ಇನ್ನೊಬ್ಬ ಹುಡುಗಿ ಆಷಾಢದಲ್ಲಿ ಬಂದು ಮದುವೆಯ ಹಾಡು ಹೇಳಿ ಎಂದಳು. ಹಸೆಯ ಮೇಲೆ ಕೂರುವವರಿಲ್ಲದೆ ಹಸೆಗೆ ಕರೆಯುವ ಹಾಡನ್ನು ಹೇಗೆ ಹೇಳಲಿ ಎಂದು ಅತ್ತೆ ಕೇಳಿದರು. ಅವಳಿಗೆ ಅರ್ಥವಾಗಲಿಲ್ಲ, ಸಮಯವಿಲ್ಲ ಅಂದಳು. ಆ ಕಡೆಯ ಸಾವಿನ ಹಾಡಿನವಳ ಬಗ್ಗೆ ಓದಿದಾಗ ನನಗೆ ಇದೇ ನೆನಪಾಯಿತು. ನೀವು ಅಲ್ಲಿಗೆ ಹೋದರೆ ಅವಳ ಮನೆಯಲ್ಲಿ ಕುಳಿತು ಹಾಡು ಹೇಳಿ ಎನ್ನಬೇಡಿ. ಅಂಥ ಕಾರ್ಯ ನಡೆಯುವವರೆಗೆ ಕಾಯಿರಿ. ಕಾದರೂ ನಿಮ್ಮನ್ನು ಕರೆಯದಿರಬಹುದು, ಅದೂ ಅವರ ಇಷ್ಟ.

ನೇಯ್ಗೆಯ ವಿಷಯ ಯಾರೂ ಬಿಡಿಸಿ ಬರೆಯಲಿಲ್ಲ. ಮೊಬೈಲಿನಲ್ಲಿ ನೋಡಿದೆ, ಅಲ್ಲಿನ ಹೆಂಗಸರು ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ನೆಲದ ಮೇಲೆ ಕುಳಿತು ನೇಯುತ್ತಾರೆ. ಉಡುವುದಕ್ಕೆ ಪಿನಿ, ಹೊದೆಯುವುದಕ್ಕೆ ಪೆಕೊಕ್, ಸೊಂಟಕ್ಕೆ ವಾಂಕೊಕ್ ಎಂದು ಹೆಸರು. ಆ ವಾಂಕೊಕ್‌ನ ಅಂಚಿನ ಗೆರೆಗಳನ್ನು ನೋಡಿ ನಮ್ಮ ಹಸೆಯ ಎಳೆಯ ಹಾಗೆಯೇ ಇದೆಯಲ್ಲ ಎಂದುಕೊಂಡೆ. ಮೇಷ್ಟ್ರು ಬೈಯುತ್ತಾರೆಂದು ಗೊತ್ತು. ನೂಲಿನಲ್ಲಿ ಗೆರೆ ನೇರವಾಗಿಯೇ ಬರುತ್ತದೆ, ಬೇರೆ ದಾರಿಯಿಲ್ಲ. ಗೋಡೆಯ ಮೇಲೆ ನಾವು ಬೇಕೆಂದೇ ನೇರ ಮಾಡುತ್ತೇವೆ. ಅಷ್ಟು ವ್ಯತ್ಯಾಸ ನನಗೂ ತಿಳಿಯುತ್ತದೆ.


ಮರುನುಡಿ
ಹೊಳೆದಂಡೆಯ ಓದುಗ, ಶಿವಮೊಗ್ಗ

ಎಲ್ಲರಿಗೂ ಕೃತಜ್ಞತೆಗಳು. ಶೀರ್ಷಿಕೆಯನ್ನು ಹೊಡೆದುಹಾಕಿದ್ದೇನೆ, ಹೊಸದನ್ನು ಇನ್ನೂ ಬರೆದಿಲ್ಲ. ಕನ್ನಡದ ಎನ್.ಇ.ಟಿ.ಗೆ ಅರ್ಜಿ ಹಾಕುತ್ತಿದ್ದೇನೆ. ಮೈಸೂರಿಗೆ ಹೋಗಿ ಆ ವ್ಯಾಕರಣದ ಪ್ರತಿ ನೋಡಿ ಬರುತ್ತೇನೆ. ದಿಫುವಿನ ಗೆಳೆಯನಿಗೆ ಫೋನ್ ಮಾಡಿ ವಾರಕ್ಕೆರಡು ದಿನ ಕಾರ್ಬಿ ಕಲಿಸುವೆಯಾ ಎಂದು ಕೇಳಿದೆ. ಒಪ್ಪಿದ, ಬದಲಿಗೆ ಕನ್ನಡ ಕಲಿಸಬೇಕಂತೆ. ಮೊದಲ ದಿನ ಒಂದೇ ಪದವನ್ನು ಮೂರು ರೀತಿಯಲ್ಲಿ ಹೇಳಿ ಮೂರು ಅರ್ಥವೆಂದ, ನನ್ನ ಕಿವಿಗೆ ಮೂರೂ ಒಂದೇ.

ಸೊರಬದ ಅಕ್ಕನವರಲ್ಲಿ ಒಂದು ವಿನಂತಿ. ಕಿರುಪ್ರಬಂಧಕ್ಕಾಗಿ ನಾನು ನೋಡಿದ ಮನೆಗಳಲ್ಲಿ ಒಂದೆರಡಕ್ಕೆ ಇನ್ನೂ ಫೋಟೋ ಪ್ರತಿಗಳನ್ನು ತಲುಪಿಸಿಲ್ಲವೆಂಬುದು ನಿಮ್ಮ ಮಾತು ಓದಿದ ಮೇಲೆ ಚುಚ್ಚುತ್ತಿದೆ. ಈ ವಾರವೇ ಹೋಗಿ ಕೊಟ್ಟು ಬರುತ್ತೇನೆ. ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುವಾಗ ನಿಮ್ಮ ಮನೆಗೆ ಬರಬಹುದೇ?


ಉತ್ತರ 5
ನಿವೃತ್ತ ಅಧ್ಯಾಪಕ, ಸಾಗರ

ನೂಲಿನ ಗೆರೆ ಮತ್ತು ಗೋಡೆಯ ಗೆರೆಯ ಬಗ್ಗೆ ಸೊರಬದ ತಾಯಿಯವರು ಬರೆದ ಎರಡು ವಾಕ್ಯಗಳನ್ನು ನಾನು ನನ್ನ ಟಿಪ್ಪಣಿ ಪುಸ್ತಕಕ್ಕೆ ಇಳಿಸಿಕೊಂಡಿದ್ದೇನೆ. ಬೈಯುವ ಪ್ರಶ್ನೆಯೇ ಇಲ್ಲ. ಕ್ಯಾಸೆಟ್ಟಿನ ವಿಚಾರವಾಗಿ ಅವರು ಒಪ್ಪಿದರೆ ನನಗೆ ತಿಳಿದ ಕಡೆಗಳಲ್ಲಿ ವಿಚಾರಿಸುತ್ತೇನೆ. ಹಳೆಯ ಧ್ವನಿಮುದ್ರಿಕೆಗಳ ಪೆಟ್ಟಿಗೆಯೊಂದು ನನ್ನ ಅಟ್ಟದ ಮೇಲೂ ಇದೆ, ಮೊದಲು ಅದನ್ನೇ ಇಳಿಸಿ ನೋಡಬೇಕು.


ಉತ್ತರ 6
ಹಸೆಗೋಡೆ, ಸೊರಬ

ಬನ್ನಿ ತಮ್ಮಾ. ಹುಣ್ಣಿಮೆಯ ದಿನ ಬಂದರೆ ಏನೂ ಕಾಣಿಸುವುದಿಲ್ಲ, ನಾಲ್ಕು ದಿನ ಮೊದಲೇ ಬನ್ನಿ. ಬುಟ್ಟಿಗೆ ಸಗಣಿ ಸಾರಿಸಿ ಒಣಗಿಸಬೇಕು, ಕೆಮ್ಮಣ್ಣು ಅಗೆದು ತರಬೇಕು, ಅದಕ್ಕೆ ಗಂಡಾಳು ಬೇಕು. ಮೇಷ್ಟ್ರೇ, ಅತ್ತೆಯವರ ಹಾಡು ರೆಕಾರ್ಡ್ ಆದದ್ದು ಸುಗ್ಗಿ ಮುಗಿದ ಮೇಲೆ, ನನ್ನ ದೊಡ್ಡ ಮಗಳು ತೊಟ್ಟಿಲಲ್ಲಿದ್ದಾಗ. ಹಾಡಿನ ನಡುವೆ ಮಗು ಅಳುವ ಸದ್ದು ಕೇಳಿದರೆ ಅದೇ ಕ್ಯಾಸೆಟ್.